ಸೌದೆ ಡಿಪೋದ ಎಡ ತಿರುವು

ರೇವಣಸಿದ್ದಯ್ಯನಿಗೆ ತಿರುವಿನಲ್ಲಿ ಗಾಡಿ ತಿರುಗಿಸಲು ಬರುತ್ತಿರಲಿಲ್ಲ ಎಂದು ಯಾರಾದರೂ ಅಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಅನ್ನುವವರು ಬಹಳ ಮಂದಿ ಇದ್ದಾರೆ. ಚಾಮರಾಜಪೇಟೆಯ ಕಾಫಿ ಕ್ಲಬ್ಬಿನಲ್ಲಿ ಕೂತವರು, ಶ್ರೀರಾಂಪುರದ ಸೌದೆ ಡಿಪೋದವರು, ಆರು ವರ್ಷದ ಮಟ್ಟಿಗೆ ಅವನ ಹೆಂಡತಿ ಕೂಡ. ಇವರಲ್ಲಿ ಒಬ್ಬರೂ ಸೈಕಲ್ಲಿಗಿಂತ ದೊಡ್ಡದನ್ನು ಹತ್ತಿದವರಲ್ಲ. ಆ ಮನುಷ್ಯನಿಗೆ ಆಸ್ತಿ ಇರಲಿಲ್ಲ, ಓದು ಇರಲಿಲ್ಲ, ರೂಪವೂ ಅಷ್ಟಕ್ಕಷ್ಟೆ. ಇದ್ದದ್ದು ಒಂದು ಹೆಸರು. ಬೆಂಗಳೂರಿನ ಯಾವ ತಿರುವಿನಲ್ಲೂ ಅವನನ್ನು ಮೀರಿಸುವ ಸವಾರನಿಲ್ಲ ಎಂಬ ಹೆಸರು. ಅದನ್ನು ಅವನು ಹೇಗೆ ಕಳೆದುಕೊಂಡ, ಯಾರಿಗಾಗಿ ಕಳೆದುಕೊಂಡ ಎಂಬುದನ್ನು ಬಲ್ಲವನು ನಾನು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಚಕ್ರಪಾಣಿ, ಮಲ್ಲೇಶ್ವರದ ಒಂದು ಟಾಕೀಸಿನಲ್ಲಿ ಪ್ರೊಜೆಕ್ಟರ್ ಆಪರೇಟರ್. ಅಯ್ಯಂಗಾರರ ಮನೆಯವನು, ಮೇಷ್ಟರ ಮಗ, ಸಿನಿಮಾ ಕೊಟ್ಟಿಗೆಯಲ್ಲಿ ಪ್ರೊಜೆಕ್ಟರಿನ ಬೆಳಕಿಗೆ ಇಂಗಾಲದ ಕಡ್ಡಿ ಉರಿಸುತ್ತಾನೆ ಎಂದು ಹೇಳಿಕೊಳ್ಳಲು ನಾಚಿ, ನಮ್ಮ ತಾಯಿ ಆಂಡಾಳ್ ಸಾಯುವವರೆಗೂ ನೆಂಟರ ಮುಂದೆ ನನಗೆ ಕರೆಂಟ್ ಆಫೀಸಿನಲ್ಲಿ ಕೆಲಸವೆಂದೇ ಹೇಳಿದಳು.

ನಮ್ಮ ಯಜಮಾನರು ಮಲ್ಲಿಕಾರ್ಜುನಯ್ಯನವರು, ಪೇಟೆಯಲ್ಲಿ ತಲೆಮಾರುಗಳಿಂದ ಬೇಳೆ ವ್ಯಾಪಾರ ಮಾಡಿದ ಮನೆತನ. ಅವರಿಗೆ ಎರಡು ಟಾಕೀಸು, ಚಾಮರಾಜಪೇಟೆಯಲ್ಲಿ ಒಂದು, ಮಲ್ಲೇಶ್ವರದಲ್ಲಿ ಒಂದು. ಚಿತ್ರದ ಪ್ರತಿ ಮಾತ್ರ ಒಂದೇ. ಎರಡು ಪ್ರತಿ ತರಿಸುವವರು ಬೇಳೆ ವ್ಯಾಪಾರ ಮಾಡಿ ಉದ್ಧಾರವಾದಾರೆಯೇ? ಅಲ್ಲಿ ಎರಡೂವರೆಗೆ ಆಟ ಶುರುವಾದರೆ ನಮ್ಮಲ್ಲಿ ಮೂರೂವರೆಗೆ. ಅಲ್ಲಿ ಓಡಿ ಮುಗಿದ ರೀಲುಗಳನ್ನು ತಗಡಿನ ಪೆಟ್ಟಿಗೆಗೆ ತುಂಬಿ ನಮಗೆ ತಂದು ಇಳಿಸಬೇಕು. ಇಳಿಸಿದವನು ಖಾಲಿ ಗಾಡಿಯಲ್ಲಿ ವಾಪಸು ಓಡಿ ಮುಂದಿನ ಪೆಟ್ಟಿಗೆ ತರಬೇಕು. ಹೀಗೆ ಒಂದು ಆಟಕ್ಕೆ ಮೂರು ಸಲ, ದಿನಕ್ಕೆ ಎರಡು ಆಟ. ಪೆಟ್ಟಿಗೆ ತಡವಾದರೆ ಪರದೆ ಬೆಳ್ಳಗಾಗುತ್ತದೆ, ಜನ ಶಿಳ್ಳೆ ಹಾಕುತ್ತಾರೆ, ಬೆಂಚು ಮುರಿಯುತ್ತಾರೆ. ಬೈಸಿಕೊಳ್ಳುವವನು ಆಪರೇಟರ್. ನನ್ನ ಮುಂಗೋಪ ಹುಟ್ಟುಗುಣವೆಂದು ಮನೆಯವರು ಹೇಳುತ್ತಾರೆ. ಅರ್ಧ ನಿಜ. ಉಳಿದರ್ಧ ಆ ಬಿಳಿ ಪರದೆ ಕೊಟ್ಟದ್ದು.

ಮೊದಲು ಈ ಕೆಲಸ ಮಾಡುತ್ತಿದ್ದವನು ಯಜಮಾನರ ಹಳೆಯ ಕಾರಿನ ಡ್ರೈವರ್ ಸಿದ್ದಬಸಪ್ಪ. ಕಾರು ಮುದಿಯಾಗಿತ್ತು, ಸಿದ್ದಬಸಪ್ಪನಿಗೆ ಅವಸರವೆಂಬುದೇ ಗೊತ್ತಿರಲಿಲ್ಲ. ವಾರಕ್ಕೆ ಮೂರು ದಿನವಾದರೂ ನನ್ನ ಪರದೆ ಬೆಳ್ಳಗಾಗುತ್ತಿತ್ತು. ನಲವತ್ತಾರರಲ್ಲಿ ಮಿಲಿಟರಿಯವರು ಹರಾಜು ಹಾಕಿದ ಒಂದು ಮೋಟರ್ ಸೈಕಲ್ಲನ್ನು ಯಜಮಾನರು ಕೊಂಡರು. ಅದನ್ನು ಓಡಿಸಲು ಸಿಕ್ಕವನು ರೇವಣಸಿದ್ದಯ್ಯ.

ಅವನು ಚಾಮರಾಜಪೇಟೆಯ ಜಂಗಮರ ಮನೆಯವನು. ಅಪ್ಪ ಮಠದ ಪೂಜೆಗೆ ಹೋಗು ಎಂದರೆ, ಮಗ ನಲವತ್ತೊಂದರಲ್ಲಿ ದಂಡಿಗೆ ಹೋದ. ಆಗ ಮದುವೆಯಾಗಿ ಇನ್ನೂ ಒಂದು ವರ್ಷ. ಅಲ್ಲಿ ಅವನಿಗೆ ಕೊಟ್ಟ ಕೆಲಸ ಒಂದು ಠಾಣ್ಯದಿಂದ ಇನ್ನೊಂದಕ್ಕೆ ಮೋಟರ್ ಸೈಕಲ್ಲಿನಲ್ಲಿ ಕಾಗದ ಮುಟ್ಟಿಸುವುದು. ಇಂಫಾಲದ ಕಡೆಯ ಬೆಟ್ಟದ ದಾರಿಯಲ್ಲಿ ಐದು ವರ್ಷ ಅದನ್ನೇ ಮಾಡಿದ. ವಾಪಸು ಬಂದಾಗ ಚೀಲದಲ್ಲಿ ಎರಡು ಖಾಕಿ ಚಡ್ಡಿ, ಕಾಲಿಗೆ ಒಂದು ಜೊತೆ ಬೂಟು, ತಲೆಯಲ್ಲಿ ತಿರುವುಗಳು. ಬೇರೆ ಏನನ್ನೂ ತಂದಿರಲಿಲ್ಲ.

ಸಿದ್ದಬಸಪ್ಪನಿಗೆ ಹೊಟ್ಟೆ ಉರಿಯಿತು. ನಿಲ್ಲಿಸಿದರೆ ತಾನಾಗಿ ಬೀಳುವ ಗಾಡಿಗೆ ರೀಲು ಒಪ್ಪಿಸುತ್ತಾರಂತೆ ಎಂದು ಯಜಮಾನರ ಕಿವಿ ಕಚ್ಚಿದ. ಯಜಮಾನರಿಗೂ ಇಂಥದ್ದೆಂದರೆ ಖುಷಿ. ಒಂದು ಭಾನುವಾರ ಬೆಳಿಗ್ಗೆ ಪಂದ್ಯ ಇಟ್ಟರು. ಇಬ್ಬರಿಗೂ ಕತ್ತಿನ ಮಟ್ಟ ಹಾಲು ತುಂಬಿದ ಒಂದೊಂದು ಚೆಂಬು. ಚಾಮರಾಜಪೇಟೆಯಿಂದ ಮಲ್ಲೇಶ್ವರಕ್ಕೆ ಬರಬೇಕು. ಬೇಗ ಬಂದರೆ ಸಾಲದು, ಹಾಲೂ ಉಳಿದಿರಬೇಕು. ಸಿದ್ದಬಸಪ್ಪ ಚೆಂಬನ್ನು ಸೀಟಿನ ಮೇಲೆ ಎರಡು ಬೇಳೆ ಮೂಟೆಗಳ ನಡುವೆ ಸಿಕ್ಕಿಸಿಕೊಂಡ. ರೇವಣಸಿದ್ದಯ್ಯ ಅದನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ನೆಟ್ಟಗೆ ನಿಲ್ಲಿಸಿ ಟವೆಲ್ಲಿನಿಂದ ಬಿಗಿದ.

ನಾನು ಯಜಮಾನರ ಜೊತೆ ನಮ್ಮ ಟಾಕೀಸಿನ ಮುಂದೆ ನಿಂತಿದ್ದೆ. ಅವನು ತಿರುವಿಗೆ ಬಂದ ರೀತಿ ಇನ್ನೂ ಕಣ್ಣಲ್ಲಿದೆ. ರಸ್ತೆಯ ಹೊರ ಅಂಚಿನಿಂದ ಬಂದು, ಗಾಡಿಯ ಜೊತೆ ತಾನೂ ಒಳಕ್ಕೆ ವಾಲಿ, ಮೂಲೆಯ ಕಲ್ಲನ್ನು ಮುಟ್ಟಿಯೇಬಿಟ್ಟ ಅನ್ನುವಷ್ಟು ಹತ್ತಿರ ಸವರಿ, ಮತ್ತೆ ಹೊರ ಅಂಚಿಗೆ ಬಂದು ನೆಟ್ಟಗಾದ. ಯಜಮಾನರು ಬಿದ್ದ, ಬಿದ್ದ ಎಂದು ನನ್ನ ತೋಳು ಹಿಡಿದುಕೊಂಡರು. ಚೆಂಬಿನಲ್ಲಿ ಹಾಲು ಎರಡು ಬೆರಳು ಮಾತ್ರ ಕಡಿಮೆಯಾಗಿತ್ತು. ಕಾಲು ಗಂಟೆಯ ಮೇಲೆ ಸಿದ್ದಬಸಪ್ಪ ಬಂದ. ಅವನ ಪಂಚೆಯೆಲ್ಲ ಹಾಲು, ಬೇಳೆ ಮೂಟೆಯೆಲ್ಲ ಹಾಲು.

ಅವತ್ತು ಕಾಫಿ ಕುಡಿಯುತ್ತಾ ನಾನು ಅವನನ್ನು ಕೇಳಿದೆ. ಅವನು ಬೆರಳನ್ನು ನೀರಿನಲ್ಲಿ ಅದ್ದಿ ಮೇಜಿನ ಮೇಲೆ ಗೆರೆ ಎಳೆದ.

"ಕಾರು ತಿರುಗೋವಾಗ ಅದರ ಮೈ ಹೊರಕ್ಕೆ ವಾಲುತ್ತೆ. ಒಳಗಿರೋದೆಲ್ಲ ಹೊರಕ್ಕೇ ನುಗ್ಗುತ್ತೆ, ನೀನಾದ್ರೂ ಅಷ್ಟೆ, ಹಾಲಾದ್ರೂ ಅಷ್ಟೆ. ಮೋಟರ್ ಸೈಕಲ್ ಒಳಕ್ಕೆ ವಾಲುತ್ತೆ. ಹೊರಕ್ಕೆ ನುಗ್ಗೋ ಜೋರೆಲ್ಲ ನೇರ ಚಕ್ರದ ಮೇಲೆ ಕೂತ್ಕೊಳ್ಳುತ್ತೆ. ಹಾಲಿಗೆ ತಾನು ತಿರುಗಿದ್ದೇ ಗೊತ್ತಾಗಲ್ಲ."

"ಹಾಗಾದ್ರೆ ಕಾರು ದಂಡ ಅನ್ನು."

"ಯಾರಂದ್ರು? ತಿರುವಲ್ಲಿ ಮರಳಿದ್ರೆ, ಸಗಣಿ ಇದ್ರೆ, ಕಾರು ಒಂದು ಗೇಣು ಜಾರಿ ಮತ್ತೆ ನಿಂತ್ಕೊಳ್ಳುತ್ತೆ. ನಾಲ್ಕು ಕಾಲಿದೆ ಅದಕ್ಕೆ. ನಂಗೆ ನೆಲದ ಮೇಲಿರೋದು ಎರಡು ಅಂಗೈಯಷ್ಟು ರಬ್ಬರು. ಅದು ಜಾರ್ತು ಅಂದ್ರೆ ಮುಗೀತು. ಎರಡಕ್ಕೂ ಒಂದೇ ಮಾತು ಕಣೋ, ಜೋರು ಇಳಿಸೋದು ತಿರುವಿಗೆ ಮುಂಚೆ. ಒಳಗೆ ಹೋದ್ಮೇಲೆ ಬ್ರೇಕ್ ಹಿಡಿಯೋನು ಯಾವುದನ್ನ ಓಡಿಸಿದ್ರೂ ದಡ್ಡನೇ."

ಅಷ್ಟು ಉದ್ದದ ಮಾತನ್ನು ಬೇರೆ ಯಾವ ವಿಷಯಕ್ಕೂ ಅವನ ಬಾಯಿಂದ ನಾನು ಕೇಳಿದ್ದಿಲ್ಲ.

ಗೆದ್ದದ್ದೇ ತಪ್ಪಾಯಿತು. ರೀಲಿನ ಕೆಲಸ ಅವನಿಗೆ ಬಂತು, ನಿಜ. ಆದರೆ ಬೆನ್ನ ಹಿಂದೆ ಕಟ್ಟಿಕೊಂಡರೆ ಅಷ್ಟು ದೊಡ್ಡ ಪೆಟ್ಟಿಗೆ ಹಿಡಿಸುವುದಿಲ್ಲವೆಂದು ಯಜಮಾನರು ಆ ಮೋಟರ್ ಸೈಕಲ್ಲಿಗೆ ಎಡಗಡೆ ಒಂದು ಸೈಡ್‌ಕಾರು ಹಾಕಿಸಿದರು. ಮೂರನೆಯ ಚಕ್ರ, ಅದರ ಮೇಲೊಂದು ಹಲಗೆ, ಮೇಲೆ ಗುಂಡಿ ಹಾಕುವ ಕ್ಯಾನ್ವಾಸು ಹೊದಿಕೆ. ತುಡುಗು ದನದ ಕೊರಳಿಗೆ ಕೊರಡು ಕಟ್ಟಿದ ಹಾಗಾಯಿತು. ಗಾಡಿ ಇನ್ನು ವಾಲುವಂತಿಲ್ಲ.

"ಇದು ಕಾರೂ ಅಲ್ಲ, ಮೋಟರ್ ಸೈಕಲ್ಲೂ ಅಲ್ಲ," ಎಂದ. "ಬಲಕ್ಕೆ ತಿರುಗಿದ್ರೆ ಆ ಚಕ್ರ ಊರುಗೋಲಿದ್ದ ಹಾಗೆ, ಏನೂ ಭಯವಿಲ್ಲ. ಎಡಕ್ಕೆ ತಿರುಗಿದ್ರೆ ಅದೇ ಮೇಲಕ್ಕೇಳುತ್ತೆ, ಇಡೀ ಗಾಡಿ ಬಲಕ್ಕೆ ಮಗುಚೋಕೆ ನೋಡುತ್ತೆ. ಪೆಟ್ಟಿಗೆ ಇದ್ರೆ ಪರವಾಗಿಲ್ಲ, ಖಾಲಿ ಇದ್ರೆ ಕಷ್ಟ."

ಬರುವಾಗ ತುಂಬಿದ ಗಾಡಿ, ಹೋಗುವಾಗ ಖಾಲಿ. ನಮ್ಮಲ್ಲಿಂದ ಚಾಮರಾಜಪೇಟೆಗೆ ಹೋಗುವ ದಾರಿಯಲ್ಲಿ, ಶ್ರೀರಾಂಪುರದ ಇಳಿಜಾರು ಮುಗಿಯುವಲ್ಲಿ ಸೌದೆ ಡಿಪೋ ಇತ್ತು. ಅಲ್ಲಿ ರಸ್ತೆ ಎಡಕ್ಕೆ ತಿರುಗುತ್ತದೆ. ಜೋರಾಗಿ ಎಡಕ್ಕೆ ತಿರುಗಬೇಕಾದದ್ದು ಅದೊಂದೇ ಕಡೆ. ಖಾಲಿ ಹೋಗುವಾಗ ಸೈಡ್‌ಕಾರಿನಲ್ಲಿ ಏನಾದರೂ ಭಾರ ಇಟ್ಟುಕೊಳ್ಳಲು ಅವನು ಯಜಮಾನರನ್ನು ಕೇಳಿದ. "ಕಲ್ಲು ಮೆರವಣಿಗೆ ಮಾಡೋಕೆ ಪೆಟ್ರೋಲ್ ಹಾಕ್ಲೇನಯ್ಯ?" ಎಂದರು ಅವರು. ರೇವಣಸಿದ್ದಯ್ಯನ ಮನೆಯ ಹಿತ್ತಿಲಲ್ಲಿ ಒಂದು ರುಬ್ಬುಗುಂಡು ಬಿದ್ದಿತ್ತು. ಅವನ ಹೆಂಡತಿ ರುದ್ರಾಣಿಗೆ ಮದುವೆಯಲ್ಲಿ ತುಮಕೂರಿನ ತವರಿನವರು ಕೊಟ್ಟ ಒರಳಿನದು. ಒರಳು ಸೀಳಿತ್ತು, ಗುಂಡು ಉಳಿದಿತ್ತು. ಅದನ್ನು ಗೋಣಿಯಲ್ಲಿ ಸುತ್ತಿ ಯಜಮಾನರಿಗೆ ಕಾಣದ ಹಾಗೆ ಹೊದಿಕೆಯ ಕೆಳಗೆ ಮೂಲೆಯಲ್ಲಿ ಇಟ್ಟುಕೊಂಡ. ಹೆಂಡತಿಗೆ, ಮಲ್ಲೇಶ್ವರದ ಕಲ್ಲುಕುಟಿಗನಿಗೆ ತೋರಿಸಿ ಜೋಡಿ ಒರಳು ಮಾಡಿಸುತ್ತೇನೆ ಎಂದು ಹೇಳಿದ. ಪೆಟ್ಟಿಗೆ ಇಳಿಸುವಾಗ ನಾನು ಅದನ್ನು ನೋಡಿ ಕೇಳಿದ್ದರಿಂದ ನನಗೊಬ್ಬನಿಗೆ ನಿಜ ಹೇಳಿದ. ಐದು ವರ್ಷ ಆ ಕಲ್ಲು ದಿನಕ್ಕೆ ಆರು ಸಲ ಬೆಂಗಳೂರು ಸುತ್ತಿತು. ಐದು ವರ್ಷ ನನ್ನ ಪರದೆ ಬೆಳ್ಳಗಾಗಲಿಲ್ಲ.

ಐವತ್ತೊಂದರಲ್ಲಿ, ಮದುವೆಯಾಗಿ ಹನ್ನೊಂದು ವರ್ಷಕ್ಕೆ, ರುದ್ರಾಣಿಗೆ ಹೆಣ್ಣುಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ನಮ್ಮ ಕಡೆ ಒಂದು ಪದ್ಧತಿಯಿದೆ. ಕೂಸಿಗಿಂತ ಮೊದಲು ಗುಂಡುಕಲ್ಲನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಕುಲಾವಿ ತೊಡಿಸಿ ತೊಟ್ಟಿಲಲ್ಲಿ ಮಲಗಿಸಿ ತೂಗುತ್ತಾರೆ. ಕಲ್ಲಿನ ಹಾಗೆ ಕೂಸು ಗಟ್ಟಿಯಾಗಿರಲಿ ಎಂದು. ವಠಾರದಲ್ಲಿ ಬೇಕಾದಷ್ಟು ಗುಂಡುಕಲ್ಲುಗಳಿದ್ದವು. ಆದರೆ ತುಮಕೂರಿನಿಂದ ಬಂದ ಹೆಂಗಸರು, ಹನ್ನೊಂದು ವರ್ಷ ಕಾದು ಪಡೆದ ಕೂಸು, ತವರಿನ ಕಲ್ಲೇ ಆಗಬೇಕು ಎಂದರು. ಬೆಳಗಾಗುವ ಮೊದಲೇ ರುದ್ರಾಣಿಯ ಮಾತಿನಂತೆ ಪಕ್ಕದ ಮನೆಯ ಪಿಳ್ಳಮ್ಮ ಗೋಣಿ ಸಮೇತ ಕಲ್ಲನ್ನು ಮನೆಯ ಮುಂದೆ ನಿಂತಿದ್ದ ಸೈಡ್‌ಕಾರಿನಿಂದ ಎತ್ತಿಕೊಂಡು ಬಂದಳು. ಶಾಸ್ತ್ರ ಮುಗಿದ ಮೇಲೂ ದೀಪ ಹಚ್ಚುವವರೆಗೆ ಅದನ್ನು ತೊಟ್ಟಿಲ ಕೆಳಗಿಂದ ಕದಲಿಸಬಾರದು ಎಂಬುದು ಆ ಮನೆಯವರ ಕಟ್ಟಳೆ. ಇಷ್ಟು ವರ್ಷ ಕಲ್ಲುಕುಟಿಗನ ಕೈ ಸೇರದ ಕಲ್ಲು ಇನ್ನೊಂದು ದಿನ ತಡವಾದರೇನು ಎಂದುಕೊಂಡಳು ರುದ್ರಾಣಿ. ಗಂಡಸರು ಹೊರಗೆ ಜಗಲಿಯಲ್ಲಿದ್ದರು. ತೊಟ್ಟಿಲ ಶಾಸ್ತ್ರದಲ್ಲಿ ಗಂಡಸಿಗೇನು ಕೆಲಸ? ಮಗುವಿಗೆ ಮಹಾನಂದ ಎಂದು ಹೆಸರಿಟ್ಟರು. ಊಟ ಮಾಡಿ ಅವನು ಹೊದಿಕೆ ತೆಗೆದು ನೋಡದೆ ನೇರ ಚಾಮರಾಜಪೇಟೆಯ ಟಾಕೀಸಿಗೆ ಹೋದ.

ಅವತ್ತು ಎರಡನೆಯ ಪೆಟ್ಟಿಗೆ ತಡವಾಯಿತು. ಚಾಮರಾಜಪೇಟೆಯ ಟಾಕೀಸಿನವರು ಅವನನ್ನು ಸುಮ್ಮನೆ ಬಿಟ್ಟಿರಲಿಲ್ಲ, ಹಾರ ಹಾಕಿ ಕಾಫಿ ಕುಡಿಸಿದ್ದರು. ಪರದೆ ನಾಲ್ಕು ನಿಮಿಷ ಬೆಳ್ಳಗಿತ್ತು. ಐದು ವರ್ಷದಲ್ಲಿ ಮೊದಲ ಸಲ ನಾನು ಮೇಲಿನ ಪ್ರೊಜೆಕ್ಟರ್ ಗೂಡಿನಲ್ಲಿ ನಿಂತು ಹೆತ್ತ ತಾಯಿಯ ಹೆಸರು ಹಿಡಿದು ಬೈಸಿಕೊಂಡೆ. ಗಾಡಿಯ ಸದ್ದು ಕೇಳಿದ್ದೇ ಕೆಳಗೆ ಓಡಿದೆ. ಕೂಲಿಯವನಿಗೆ ಕಾಯದೆ ಹೊದಿಕೆ ಕಿತ್ತು ಪೆಟ್ಟಿಗೆಯನ್ನು ನಾನೇ ಎಳೆದು ಇಳಿಸಿದೆ.

"ಮಗು ನಿಂಗೆ, ಬೈಗುಳ ನಂಗಾ?" ಎಂದೆ.

ಅವನು ನಕ್ಕು ಕಾಗದದಲ್ಲಿ ಸುತ್ತಿದ ಹೋಳಿಗೆಯನ್ನು ನನ್ನ ಕೈಯಲ್ಲಿ ಇಟ್ಟ. ನಾನು ಹಲಗೆಯ ಮೇಲೆ ನೋಡಿದೆ. ಮೂಲೆ ಬರಿದಾಗಿತ್ತು. ಗೋಣಿ ಇರಲಿಲ್ಲ. ಅದು ಇಲ್ಲವೆಂದು ನನಗೆ ಕಂಡಿತು, ಇಲ್ಲದಿದ್ದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಸಿಟ್ಟಿನಲ್ಲಿದ್ದೆ, ಅವನ ಜೊತೆ ಒಳ್ಳೆಯ ಮಾತಾಡಲು ನನಗೆ ಇಷ್ಟವಿರಲಿಲ್ಲ.

"ಹೋಗು ಹೋಗು. ಮೂರನೇದೂ ತಡವಾದ್ರೆ ನನ್ನ ಮುಖ ನೋಡ್ಬೇಡ," ಎಂದೆ. ಹೊದಿಕೆಯನ್ನು ಎಳೆದು ಗುಂಡಿ ಹಾಕಿದವನೂ ನಾನೇ.

ಸೌದೆ ಡಿಪೋದ ತಿರುವಿನಲ್ಲಿ ಸೈಡ್‌ಕಾರು ಎದ್ದಿತು. ಗಾಡಿ ಎಡಕ್ಕೆ ತಿರುಗದೆ ರಸ್ತೆ ದಾಟಿ ಬಲಕ್ಕೆ ನುಗ್ಗಿ ಡಿಪೋದ ಕಲ್ಲುಕಂಬಕ್ಕೆ ಬಡಿಯಿತು. ಕಂಬಕ್ಕೂ ಗಾಡಿಗೂ ನಡುವೆ ಅವನ ಬಲಗಾಲು ಸಿಕ್ಕಿಕೊಂಡಿತು. ಮೂರನೆಯ ಪೆಟ್ಟಿಗೆ ಬರಲೇ ಇಲ್ಲ. ಜನ ಬೆಂಚು ಮುರಿದರು. ಮಂಡಿಯ ಕೆಳಗೆ ಕಾಲು ತೆಗೆದರೆಂದು ಮರುದಿನ ತಿಳಿಯಿತು.

ನಾನು ಆಸ್ಪತ್ರೆಗೆ ಹೋದಾಗ ಅವನೊಬ್ಬನೇ ಇದ್ದ.

"ಕಲ್ಲಿನ ಮೂಟೆ ಇರ್ಲಿಲ್ಲ," ಎಂದ.

"ಹೌದಾ?" ಎಂದೆ ನಾನು.

ಅವನು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಪೆಟ್ಟಿಗೆ ಇಳಿಸಿದ್ದು ಯಾರೆಂದು ಅವನಿಗೆ ಗೊತ್ತಿತ್ತು. ಏನೂ ಕೇಳಲಿಲ್ಲ. "ಮೊದಲನೇ ಪೆಟ್ಟಿಗೆ ಕೊಟ್ಟು ಹೋಗೋವಾಗ ಅವಸರ ಇರ್ಲಿಲ್ಲ, ನಿಧಾನಕ್ಕೆ ತಿರುಗಿಸಿದ್ದೆ. ಆಗಲೇ, ಮೊದಲನೇ ಸಂದಿಯಲ್ಲೇ ಹಗುರ ಅನ್ನಿಸ್ತು. ಮನಸ್ಸು ಮನೇಲಿತ್ತು," ಎಂದು ಗೋಡೆಯ ಕಡೆ ತಿರುಗಿದ.

ಆ ಹೊತ್ತಿಗೆ ಕೂಸನ್ನು ಎತ್ತಿಕೊಂಡು ರುದ್ರಾಣಿ ಬಂದಳು. ಅತ್ತು ಅತ್ತು ಮುಖ ಊದಿತ್ತು. ಕೂತವಳೇ ಕೇಳಿದಳು, "ಆ ಕಲ್ಲು ನಾನು ತೆಗೆಸಿದ್ದೆ. ಅದಕ್ಕೇನಾದ್ರೂ ಹೀಗಾಯ್ತಾ?"

"ಕಲ್ಲಿಗೂ ಇದಕ್ಕೂ ಏನು ಸಂಬಂಧ? ಸೊಕ್ಕು ನಂದು. ಜೋರಾಗಿ ಹೋದೆ, ತಿರುಗಿಸೋಕೆ ಬರ್ಲಿಲ್ಲ," ಎಂದ ರೇವಣಸಿದ್ದಯ್ಯ.

ನನ್ನ ಕಡೆ ನೋಡದೆ ಹೇಳಿದ. ನಾನು ಬಾಯಿ ತೆರೆಯಲಿಲ್ಲ. ನನಗೂ ಆ ಮಾತು ಅನುಕೂಲವಾಗಿಯೇ ಇತ್ತು.

ವಠಾರದ ಹೆಂಗಸರು ಆಗಲೇ ಶುರುಮಾಡಿದ್ದರು. ತೊಟ್ಟಿಲಿಗೆ ಹಾಕಿದ ದಿನವೇ ಅಪ್ಪನ ಕಾಲು ಹೋಯಿತು, ಕೂಸಿನ ಕಾಲ್ಗುಣ ನೋಡಿ ಎಂದು. ಕಲ್ಲಿನ ವಿಷಯ ತಿಳಿದಿದ್ದರೆ ತಾಯಿ ಮಗು ಇಬ್ಬರನ್ನೂ ಹುರಿದು ಮುಕ್ಕುತ್ತಿದ್ದರು. ಅದಕ್ಕೇ ಅವನು ನೋಡಲು ಬಂದವರಿಗೆಲ್ಲ, ಕೇಳಿದವರಿಗೂ ಕೇಳದವರಿಗೂ, ಅದೇ ಮಾತು ಹೇಳಿದ. ನಂಗೆ ತಿರುಗಿಸೋಕೆ ಬರ್ಲಿಲ್ಲ. ಇಂಫಾಲದ ಬೆಟ್ಟದಲ್ಲಿ ಐದು ವರ್ಷ ಬೀಳದವನು ಹಾಗೆಂದ. ಜನಕ್ಕೆ ಬೇಕಾದದ್ದೂ ಅದೇ. ಹದಿನೈದು ದಿನದಲ್ಲಿ ಊರೆಲ್ಲ ಅದೇ ಮಾತಾಯಿತು, ಕೂಸಿನ ಸುದ್ದಿ ಬಿಟ್ಟುಹೋಯಿತು.

ಯಜಮಾನರು ಕೆಟ್ಟವರಲ್ಲ. ಚಾಮರಾಜಪೇಟೆಯ ಟಾಕೀಸಿನ ಬಾಗಿಲಲ್ಲಿ ಟಿಕೆಟ್ ಹರಿಯುವ ಕೆಲಸ ಕೊಟ್ಟರು. ಮರದ ಕಾಲು ಚಾಚಿಕೊಂಡು ಸ್ಟೂಲಿನ ಮೇಲೆ ಕೂರುತ್ತಿದ್ದ. ರೀಲಿನ ಕೆಲಸ ಮತ್ತೆ ಸಿದ್ದಬಸಪ್ಪನಿಗೆ ಹೋಯಿತು, ಹೊಸ ಕಾರೂ ಬಂತು. ಪೆಟ್ಟಿಗೆ ಎತ್ತಲು ಬಂದಾಗಲೆಲ್ಲ ಅವನು, "ಏನ್ ಅಯ್ನೋರೇ, ಹಾಲು ಉಳೀತಾ ಚೆಲ್ತಾ?" ಎನ್ನುತ್ತಿದ್ದ. ರೇವಣಸಿದ್ದಯ್ಯ ಟಿಕೆಟ್ ಹರಿಯುತ್ತಿದ್ದ. ನಾನು ಇದ್ದಾಗ ಒಂದು ಸಲ ಸಿದ್ದಬಸಪ್ಪನ ಕುತ್ತಿಗೆಪಟ್ಟಿ ಹಿಡಿದೆ. ಬಿಡಿಸಿದವನು ರೇವಣಸಿದ್ದಯ್ಯನೇ.

ರುದ್ರಾಣಿ ಹಪ್ಪಳ ಮಾಡಿ ಮಾರತೊಡಗಿದಳು. ಗಟ್ಟಿ ಹೆಂಗಸು, ಬಾಯಿಯೂ ಗಟ್ಟಿ. ಹಿಟ್ಟು ಕುಟ್ಟುತ್ತಾ ಗಂಡನನ್ನು ಬೈಯುತ್ತಿದ್ದಳು. ತಿರುಗಿಸೋಕೆ ಬರದ ಮೇಲೆ ಮೆರೆಯೋಕೆ ಯಾಕೆ ಹೋಗಬೇಕಿತ್ತು ಎಂದು. ಅವನು ಜಗಲಿಯಲ್ಲಿ ಮಗಳಿಗೆ ಜಡೆ ಹಾಕುತ್ತಾ ನಗುತ್ತಿದ್ದ. ಬೈಸಿಕೊಂಡಷ್ಟೂ ಅವನಿಗೆ ಹಿತವೇ ಆಗುತ್ತಿತ್ತೆಂದು ಕಾಣುತ್ತದೆ. ನನಗೆ ಮಾತ್ರ ಅಲ್ಲಿ ಕೂರಲು ಆಗುತ್ತಿರಲಿಲ್ಲ.

ಹೀಗೆ ಆರು ವರ್ಷ ಕಳೆಯಿತು. ಐವತ್ತೇಳರಲ್ಲಿ ಬಸವನಗುಡಿಯಲ್ಲಿ ರಾಮಸ್ವಾಮಿ ಎಂಬ ರಿಟೈರಾದ ಮಿಲಿಟರಿಯವರು ಗಾಡಿ ಓಡಿಸುವುದನ್ನು ಕಲಿಸುವ ಶಾಲೆ ತೆರೆದರು. ಗಾಡಿ ಮುಟ್ಟುವ ಮೊದಲು ಬೋರ್ಡಿನ ಮೇಲೆ ಬರೆದು ತಿಳಿಸಿಕೊಡುವವರು ಬೇಕಾಗಿತ್ತು. ಕಾಲಿಲ್ಲದಿದ್ದರೂ ನಡೆಯುತ್ತದೆ. ನಾನು ರೇವಣಸಿದ್ದಯ್ಯನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಹೋದೆ. ಸೀಮೆಸುಣ್ಣ ಕೈಗೆ ಬಂದದ್ದೇ ತಡ, ಅವನು ಬೇರೆ ಮನುಷ್ಯನಾದ. ಒಂದೇ ತಿರುವನ್ನು ಮೂರು ಸಲ ಬರೆದ. ಕಾರಿಗೆ ಒಂದು, ಮೋಟರ್ ಸೈಕಲ್ಲಿಗೆ ಒಂದು, ಸೈಡ್‌ಕಾರು ಕಟ್ಟಿದ್ದಕ್ಕೆ ಒಂದು. ಎಲ್ಲಿ ಜೋರು ಇಳಿಸಬೇಕು, ಭಾರ ಎಲ್ಲಿಗೆ ಹೋಗುತ್ತದೆ, ಎಲ್ಲಿಂದ ಮತ್ತೆ ಎಳೆಯಬೇಕು ಎಂದು ಅರ್ಧ ಗಂಟೆ ಹೇಳಿದ. ರಾಮಸ್ವಾಮಿಯವರು ನಾನೂ ಕಲಿತೆ ಎಂದು ಕೈ ಕುಲುಕಿ ಸೋಮವಾರ ಬನ್ನಿ ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಅವನು ಅಂಗೈಯ ಸೀಮೆಸುಣ್ಣವನ್ನು ಒರೆಸಿಕೊಳ್ಳಲಿಲ್ಲ. ಹಾಗೇ ನೋಡುತ್ತಾ ಕೂತಿದ್ದ. ಅವನ ಹೆಸರು ಅವನಿಗೆ ವಾಪಸು ಬಂತು ಎಂದುಕೊಂಡೆ. ನನ್ನ ಎದೆಯ ಮೇಲಿನ ಕಲ್ಲೂ ಇಳಿಯಿತು ಎಂದುಕೊಂಡೆ.

ಶನಿವಾರ ಕಾಗದ ಬಂತು. ಬೇರೆ ಏರ್ಪಾಟು ಮಾಡಿಕೊಂಡಿದ್ದೇವೆ, ದಯವಿಟ್ಟು ಕ್ಷಮಿಸಿ ಎಂದು. ವಿಚಾರಿಸಿದರೆ ತಿಳಿಯಿತು. ರಾಮಸ್ವಾಮಿಯವರು ಶಿಸ್ತಿನ ಮನುಷ್ಯ. ಇವನು ಟಾಕೀಸಿನಲ್ಲಿದ್ದಾಗ ಮನೆ ನೋಡಲು ಬಂದಿದ್ದರು. ರುದ್ರಾಣಿಯ ಜೊತೆ ಮಾತಾಡಿದ್ದರು.

ನಾನು ಸೋಮವಾರ ಬೆಳಿಗ್ಗೆಯೇ ಹೋದೆ. ಅವನು ಮಗಳನ್ನು ಸ್ಕೂಲಿಗೆ ಬಿಡಲು ಹೋಗಿದ್ದ. ರುದ್ರಾಣಿ ಅಂಗಳದಲ್ಲಿ ಹಪ್ಪಳ ಒತ್ತುತ್ತಿದ್ದಳು.

"ಅವರಿಗೆ ಏನು ಹೇಳಿದ್ರಿ?" ಎಂದೆ.

"ಇದ್ದದ್ದು ಹೇಳ್ದೆ. ಇವರಿಗೆ ತಿರುಗಿಸೋಕೆ ಬರಲ್ಲ, ಇವರೇ ಊರಿಗೆಲ್ಲ ಒಪ್ಕೊಂಡಿದಾರೆ ಅಂತ. ಪಾಪ, ಯಾರ ಮಕ್ಕಳೋ ಕಲಿಯೋಕೆ ಬರ್ತಾರೆ. ಅವರ ಕಾಲೂ ಹೋದ್ರೆ ಯಾರು ಕೊಡ್ತಾರೆ?"

ಅವಳ ಮಾತಿನಲ್ಲಿ ಕಪಟವಿರಲಿಲ್ಲ. ಅದು ನನಗೆ ಗೊತ್ತು. ಗೊತ್ತಿದ್ದೂ ನನ್ನ ನಾಲಿಗೆ ನಿಲ್ಲಲಿಲ್ಲ.

"ಅವನಿಗೆ ಬರ್ತಿತ್ತು. ಬೆಂಗಳೂರಲ್ಲಿ ಅವನಷ್ಟು ಬರೋರು ಇನ್ನೊಬ್ಬರಿರ್ಲಿಲ್ಲ. ಆ ಗಾಡಿ ಮಗುಚದೆ ಇರ್ಲಿ ಅಂತಾನೇ ಆ ಕಲ್ಲು ಇಟ್ಕೊಂಡಿದ್ದ. ನೀವು ತೆಗೆದ್ರಿ, ಗಾಡಿ ಮಗುಚ್ತು. ನಿಮ್ಮನ್ನ ಯಾರೂ ಏನೂ ಅನ್ನಬಾರ್ದು ಅಂತ ಅವನು ಸುಳ್ಳು ಹೇಳಿದ. ಆರು ವರ್ಷ ನೀವು ಅದನ್ನೇ ಹಿಡ್ಕೊಂಡು ಅವನನ್ನ ಬೈತಿದೀರಿ."

ಅವಳ ಕೈ ಮಣೆಯ ಮೇಲೆ ನಿಂತಿತು.

"ಆಸ್ಪತ್ರೇಲಿ ಕೇಳಿದ್ದೆ," ಎಂದಳು. "ಸಂಬಂಧ ಇಲ್ಲ ಅಂದ್ರು."

ನಾನು ಎದ್ದು ನಿಂತೆ. ಸಿಟ್ಟು ಇಳಿದು ಹೆದರಿಕೆ ಹತ್ತತೊಡಗಿತ್ತು. ಅವಳು ತಲೆ ಎತ್ತಿದಳು.

"ಅವತ್ತು ಮಲ್ಲೇಶ್ವರದಲ್ಲಿ ಪೆಟ್ಟಿಗೆ ಇಳಿಸಿದ್ದು ಯಾರು? ಅವರಿಗಾದ್ರೂ ಕಾಣಿಸ್ಬೇಕಿತ್ತಲ್ಲ, ಮೂಟೆ ಇಲ್ಲ ಅಂತ."

"ಯಾರೋ ಕೂಲಿಯವನು," ಎಂದೆ.

ಅದೇ ದಿನ ಮಧ್ಯಾಹ್ನ ಅವಳು ಬಸವನಗುಡಿಗೆ ನಡೆದುಕೊಂಡು ಹೋಗಿ ರಾಮಸ್ವಾಮಿಯವರಿಗೆ ಎಲ್ಲವನ್ನೂ ಹೇಳಿದಳಂತೆ. ತಪ್ಪು ನಂದು, ಅವರದಲ್ಲ ಎಂದು ಕೈ ಮುಗಿದಳಂತೆ. ಅವರು ಕೂರಿಸಿ ನೀರು ಕೊಟ್ಟು ಪೂರ್ತಿ ಕೇಳಿದರು. ಆಮೇಲೆ ಹೇಳಿದರು, "ನೋಡಮ್ಮ, ಭಾರ ಇದೆಯೋ ಇಲ್ಲವೋ ನೋಡದೆ ಹೊರಟವನು ಸವಾರನೇ ಅಲ್ಲ. ಮಿಲಿಟರಿಯಲ್ಲಿ ನಾವು ಮೊದಲ ದಿನ ಕಲಿಸೋದೇ ಅದು." ಇದನ್ನು ನನಗೆ ಹೇಳಿದವರು ಅವರೇ. ಅವರ ಮಾತು ಸುಳ್ಳೆಂದು ವಾದಿಸಲು ನನಗೆ ಏನೂ ಹೊಳೆಯಲಿಲ್ಲ. ಸತ್ಯ ಹೇಳಿದ್ದರಿಂದ ಅವನ ಹೆಸರು ವಾಪಸು ಬರಲಿಲ್ಲ. ಅದು ಬರುವಂಥದ್ದೇ ಆಗಿರಲಿಲ್ಲ.

ಒಂದು ವಾರದ ಮೇಲೆ ರೇವಣಸಿದ್ದಯ್ಯ ಬಸ್ಸು ಹತ್ತಿ ನಮ್ಮ ಟಾಕೀಸಿಗೆ ಬಂದ. ಮರದ ಕಾಲು ಊರಿಕೊಂಡು ಮೇಲಿನ ಗೂಡಿನವರೆಗೂ ಹತ್ತಿದ. ಅಷ್ಟು ವರ್ಷದಲ್ಲಿ ಮೊದಲ ಸಲ.

"ಬೈಯೋದು ನಿಲ್ಸಿದಾಳೆ," ಎಂದ. "ಊಟಕ್ಕಿಟ್ಟು ದೂರ ನಿಂತ್ಕೋತಾಳೆ, ಆಳು ನಿಂತ ಹಾಗೆ. ಮಗೂನ ಎತ್ಕೊಳ್ಳೋಕೂ ಹೆದರ್ತಾಳೆ. ಏನು ಹೇಳ್ದೆ ನೀನು?"

ಹೇಳಿದ್ದನ್ನು ಹೇಳಿದೆ. ಅವನು ಕೇಳಿಸಿಕೊಂಡು ಪ್ರೊಜೆಕ್ಟರಿನ ಪಕ್ಕದ ಡಬ್ಬದ ಮೇಲೆ ಕೂತ.

"ನನ್ನ ಹತ್ರ ಒಂದು ಹೆಸರಿತ್ತು ಚಕ್ರಪಾಣಿ, ಅದನ್ನ ಕೊಟ್ಟು ಅವಳನ್ನ ಉಳಿಸ್ಕೊಂಡಿದ್ದೆ. ಯಾಕೆ ಮುಟ್ಟೋಕೆ ಹೋದೆ ನೀನು?"

ನಾನು ರೀಲು ಬದಲಿಸಿ ತಿರುಗಿದಾಗ ಅವನೇ ಕೇಳಿದ, "ಪೆಟ್ಟಿಗೆ ಇಳಿಸಿದ್ದು ನೀನು ಅಂತ ಹೇಳಿದ್ಯಾ?"

"ಇಲ್ಲ."

"ಹೇಳ್ಬೇಡ," ಎಂದ. "ನಿಂಗೂ ಹೆಂಡ್ತಿ ಮಕ್ಕಳಿದಾರೆ. ನೀನೂ ಊಟ ಮಾಡ್ಬೇಕಲ್ಲ." ಎದ್ದು ಒಂದೊಂದೇ ಮೆಟ್ಟಿಲು ಇಳಿದು ಹೋದ. ನಾನು ಕೈ ಹಿಡಿಯಲು ಹೋದರೆ ಬೇಡ ಎಂದ.

ರುದ್ರಾಣಿ ಮಲ್ಲೇಶ್ವರದ ಮನೆಗಳಿಗೂ ಹಪ್ಪಳ ಕೊಡುತ್ತಿದ್ದಳು. ತಿಂಗಳೊಪ್ಪತ್ತಿನ ಮೇಲೆ ಒಂದು ಬೆಳಿಗ್ಗೆ ಟಾಕೀಸಿನ ಗೇಟಿನ ಹತ್ತಿರ ನಿಂತಿದ್ದಳು. ಮೈ ಇಳಿದು ಹೋಗಿತ್ತು. ದನಿಯೂ ಇಳಿದಿತ್ತು. ನನ್ನನ್ನು ನೋಡಲೆಂದೇ ಬಂದದ್ದಂತೆ.

"ಇವರನ್ನೂ ಕೇಳ್ದೆ," ಎಂದಳು. "ಪೆಟ್ಟಿಗೆ ಇಳಿಸಿದ್ದು ಕೂಲಿಯವನೇ ಅಂದ್ರು. ಹೆಸರು ಗೊತ್ತಿಲ್ವಂತೆ."

ನಾನು ಗೇಟು ತೆರೆದು ಹಿಡಿದೆ. ಅವಳು ಒಳಗೆ ಬರಲಿಲ್ಲ.

"ಪಾಪ, ಅವನಿಗೂ ಆ ದಿನದ್ದು ನೆನಪಿದ್ದು ಮನಸ್ಸು ಕೊರೀತಿರಬಹುದು. ನಿಮ್ಮ ಟಾಕೀಸಿನ ಕಡೆಯವನು, ಎಲ್ಲಾದ್ರೂ ಸಿಕ್ರೆ ಹೇಳಿ. ಅವನದೇನೂ ತಪ್ಪಿಲ್ಲ, ಕಲ್ಲು ತೆಗೆಸಿದವಳು ನಾನು. ನಿಶ್ಚಿಂತೆಯಾಗಿರು ಅಂತ ಹೇಳಿ."

"ಹೇಳ್ತೀನಮ್ಮ," ಎಂದೆ.